ನಮ್ಮ ಪೀಟ್ ಕಡಿದುಕೊಟ್ಟ ಊರಿಗೆ

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಧನ್ಯವಾದ ಹೇಳಿದ್ದು ನನಗೆ ನೆನಪಿಲ್ಲ. ನಟ್ಟಿ ಕಾಲಕ್ಕೆ ಪಕ್ಕದ ಮನೆಯ ನಾಲ್ಕು ಜನ ನಮ್ಮ ಗದ್ದೆಗೆ ಇಳಿದರೆ, ಅವರ ಗದ್ದೆ ಹದಕ್ಕೆ ಬಂದ ದಿನ ನಮ್ಮ ಮನೆಯ ನಾಲ್ಕು ಜನ ಅಲ್ಲಿಗೆ ಇಳಿಯುತ್ತಿದ್ದರು. ಮುಯ್ಯಾಳು ಅಂತ ಅದಕ್ಕೆ ಹೆಸರು. ಲೆಕ್ಕವೆಲ್ಲ ಅವ್ವನ ತಲೆಯಲ್ಲೇ ಇರುತ್ತಿತ್ತು. ಮುಯ್ಯಿ ತೀರಿತು ಅಂದರೆ ತೀರಿತು, ಬಾಯಿಬಿಟ್ಟು ಹೇಳುವಂಥದ್ದೇನೂ ಉಳಿಯುತ್ತಿರಲಿಲ್ಲ. ಈಗ ನನ್ನ ತಲೆಯ ಮೇಲೆ ಒಂದು ಇಡೀ ಊರಿನ ಮುಯ್ಯಿ ಇದೆ. ಕೈಯಲ್ಲಿ ದುಡಿದು ತೀರಿಸುತ್ತಲೇ ಇದ್ದೇನೆ, ಆದರೂ ಬಾಯಲ್ಲೂ ಹೇಳಬೇಕು ಅನ್ನಿಸಿದೆ. ಹೇಳುವುದಾದರೆ ನನ್ನ ಭಾಷೆಯಲ್ಲೇ ಹೇಳಬೇಕು.

ಆ ಊರು ಇರುವುದು ಸ್ಕಾಟ್ಲೆಂಡಿನ ವಾಯವ್ಯಕ್ಕೆ, ಲೂಯಿಸ್ ದ್ವೀಪದ ಪಡುವಣ ಕರಾವಳಿಯಲ್ಲಿ. ಅಲಾಪೂಲಿನಿಂದ ಹಡಗು ಹತ್ತಿದರೆ ಎರಡೂವರೆ ಗಂಟೆಗೂ ಮೇಲೆ ಸಮುದ್ರ, ಆಮೇಲೆ ಸ್ಟಾರ್ನೊವೇ ಪಟ್ಟಣ, ಅಲ್ಲಿಂದ ಅರ್ಧ ಗಂಟೆ ಕಾರಿನ ದಾರಿ. ನಾವು ಬಂದು ಒಂಬತ್ತು ವರ್ಷವಾಯಿತು. ಇವರು ಸಾಲ್ಮನ್ ಮೀನು ಸಾಕುವ ಕಂಪನಿಯಲ್ಲಿ ಲೆಕ್ಕ ಬರೆಯುತ್ತಾರೆ, ನಾನು ವೃದ್ಧಾಶ್ರಮವೊಂದರಲ್ಲಿ ನರ್ಸ್. ಬಂದ ಹೊಸತರಲ್ಲಿ ನನಗೆ ಹೆದರಿಕೆ ಹುಟ್ಟಿಸಿದ್ದು ಚಳಿಯಲ್ಲ, ಮರಗಳೇ ಇಲ್ಲದ ನೆಲ. ಕಾಡಿನೊಳಗೆ ಹುಟ್ಟಿದವಳಿಗೆ ಕಣ್ಣಿಗೆ ಆನಿಸಿಕೊಳ್ಳಲು ಏನೂ ಇಲ್ಲ. ಕಂದು ಬಣ್ಣದ ಜೌಗು, ಅದರ ನಡುವೆ ನೂರಾರು ಕೆರೆ, ಅದರಾಚೆ ಅಟ್ಲಾಂಟಿಕ್ ಸಮುದ್ರ. ಆಗುಂಬೆಯ ಮಳೆ ನೆಟ್ಟಗೆ ಬೀಳುತ್ತದೆ, ಇಲ್ಲಿಯದು ಅಡ್ಡಡ್ಡ ಬರುತ್ತದೆ. ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಮೊದಲ ಚಳಿಗಾಲವನ್ನು ಅತ್ತುಕೊಂಡೇ ಕಳೆದೆ.

ನನ್ನನ್ನು ಇಲ್ಲಿ ಕಟ್ಟಿಹಾಕಿದ್ದು ಆಶ್ರಮದ ಅಜ್ಜಿಯರ ಮಾತು. ಮರೆವು ಬಂದವರಲ್ಲಿ ಎಷ್ಟೋ ಜನಕ್ಕೆ ಶಾಲೆಯಲ್ಲಿ ಕಲಿತ ಇಂಗ್ಲಿಷ್ ಮೊದಲು ಕಳಚಿಹೋಗುತ್ತದೆ, ತೊಟ್ಟಿಲಲ್ಲಿ ಕೇಳಿದ ಗೇಲಿಕ್ ಉಳಿಯುತ್ತದೆ. ಅವರಿಗೆ ಅನ್ನ ನೀರು ಕೇಳಬೇಕಾದರೆ ನಾನು ಗೇಲಿಕ್ ಕಲಿಯಲೇಬೇಕಿತ್ತು. ಮೊದಲ ವಾರ ಒಬ್ಬ ಅಜ್ಜಿ ನನ್ನ ಕೈ ಹಿಡಿದು "ಕಿಮರ ಹಾ ಶಿವ್?" ಅಂದಾಗ ನನ್ನ ಕಿವಿಗೆ ಬಿದ್ದದ್ದು ಶಿವ ಒಂದೇ. ಆಮೇಲೆ ತಿಳಿಯಿತು, ಅದು ಹೇಗಿದ್ದೀರಿ ಅನ್ನುವ ಮಾತು. ಶಿವ್ ಅಂದರೆ ನೀವು. ನಮ್ಮಲ್ಲಿರುವ ಹಾಗೇ ಅವರಲ್ಲೂ ನೀನು ಬೇರೆ, ನೀವು ಬೇರೆ. ಹಿರಿಯರಿಗೆ, ಅಪರಿಚಿತರಿಗೆ ಬಹುವಚನ. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ಅಳತೆಯ ಅಂಗಿ ತೊಡಿಸಿ ಸುಸ್ತಾಗಿದ್ದ ನನಗೆ ಆವತ್ತು ಮನೆಗೆ ಬಂದಷ್ಟು ಸಮಾಧಾನವಾಯಿತು. ಸಲುಗೆ ಬೆಳೆದ ಮೇಲೆ ಅದೇ ಅಜ್ಜಿ ನನ್ನನ್ನು "ಅ ಘ್ರಾಯ್" ಅಂತ ಕರೆಯತೊಡಗಿದರು. ನಮ್ಮೂರ ಹೆಂಗಸರು ಎಲ್ಲರನ್ನೂ "ಮಗಾ" ಅನ್ನುವ ಹಾಗೆ.

ನಮ್ಮೂರಿಗೂ ಈ ದ್ವೀಪಕ್ಕೂ ಹಳೆಯದೊಂದು ನಂಟಿರುವುದನ್ನು ತಿಳಿಸಿದವರು ಊರಿನ ನಿವೃತ್ತ ಮೇಷ್ಟ್ರು. ಶ್ರೀರಂಗಪಟ್ಟಣ ಬಿದ್ದ 1799ರ ನಂತರ ಮೈಸೂರು ಸೀಮೆಯನ್ನು ಊರೂರು ಅಳೆದು ನಕ್ಷೆ ಬರೆಸಿದ, ಶಾಸನಗಳ ನಕಲು, ಕೈಫಿಯತ್ತು, ಓಲೆಗರಿ ರಾಶಿ ಹಾಕಿದ ಕಾಲಿನ್ ಮೆಕೆಂಜಿ ಹುಟ್ಟಿದ್ದು ಇದೇ ಸ್ಟಾರ್ನೊವೇಯಲ್ಲಿ. ಮಲೆಯೂರಿನ ಜೈನ ಪಂಡಿತ ಧರ್ಮಯ್ಯ ಅವನ ಜೊತೆಗಿದ್ದವರು. ಅವನಿಗೆ ಹಳಗನ್ನಡ ಶಾಸನಗಳ ಅರ್ಥ ಬಿಡಿಸಲು ನೆರವಾದವರಲ್ಲಿ ಅವರೂ ಒಬ್ಬರು. ಮೇಷ್ಟ್ರು ಇದನ್ನು ಹೇಳಿ, "ನೀವು ಬಂದದ್ದು ತಡವಾಯಿತು, ನಮ್ಮವರು ಯಾವಾಗಲೋ ನಿಮ್ಮ ಮನೆಗೆ ಹೋಗಿದ್ದರು" ಅಂದರು. ಹೋದವರು ಕುಂಪಣಿ ಸರ್ಕಾರದ ಕೆಲಸಕ್ಕೆ ಹೋದವರು ಅನ್ನುವುದು ಇಬ್ಬರಿಗೂ ಗೊತ್ತಿತ್ತು. ಆದರೂ ಆ ಮಾತಿನಲ್ಲಿದ್ದ ಅಕ್ಕರೆ ನಿಜವಾದದ್ದೇ.

ಹೋದ ವರ್ಷದ ಜನವರಿಯ ಒಂದು ರಾತ್ರಿ ಇವರು ಎದೆ ಹಿಡಿದುಕೊಂಡು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟರು. ಹೊರಗೆ ಮನೆಯ ಗೋಡೆಯನ್ನೇ ಗುದ್ದುವ ಗಾಳಿ. ಎರಡು ದಿನದಿಂದ ಹಡಗು ಬಂದಿರಲಿಲ್ಲ. ಆಂಬ್ಯುಲೆನ್ಸಿಗೆ ಫೋನ್ ಮಾಡಿ ಹಿಂತಿರುಗುವಷ್ಟರಲ್ಲಿ ಎದುರುಮನೆಯ ಹೆಂಗಸು ರಾತ್ರಿಯುಡುಪಿನ ಮೇಲೆ ಕೋಟು, ಕಾಲಿಗೆ ರಬ್ಬರ್ ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ನಮ್ಮ ದೀಪ ಹತ್ತಿದ್ದನ್ನು ನೋಡಿ ಬಂದಿದ್ದರು. ಹನ್ನೊಂದರ ಮಗಳು, ಏಳರ ಮಗ ಇಬ್ಬರನ್ನೂ ಎರಡು ಕೈಗೆ ಹಿಡಿದುಕೊಂಡು, "ನೀವು ಹೋಗಿ. ಬರುವವರೆಗೆ ಇವು ನನ್ನವು" ಅಂದರು. ಅಷ್ಟೇ ಅಂದದ್ದು. ಮೂರು ವಾರ ಆ ಮಾತು ನಡೆಸಿದರು.

ಗಾಳಿ ತಗ್ಗಿದ ಮೇಲೆ, ಮರುದಿನ ಮಧ್ಯಾಹ್ನ, ಇವರನ್ನು ವಿಮಾನದಲ್ಲಿ ಗ್ಲಾಸ್ಗೋಗೆ ಸಾಗಿಸಿದರು. ಮೂರು ರಕ್ತನಾಳ ಕಟ್ಟಿದ್ದವು, ಬೈಪಾಸ್ ಆಯಿತು. ಆಸ್ಪತ್ರೆಯ ದಿನಗಳನ್ನು ವಿಸ್ತರಿಸಿ ಬರೆಯಲು ಮನಸ್ಸಿಲ್ಲ. ಅಲ್ಲಿನ ಡಾಕ್ಟರಿಗೆ, ನನ್ನ ಕಸುಬಿನವರೇ ಆದ ನರ್ಸುಗಳಿಗೆ, ರಾತ್ರಿ ಎರಡು ಗಂಟೆಗೆ ನನಗೊಂದು ಕಪ್ ಚಹಾ ತಂದಿಟ್ಟ ಕಸಗುಡಿಸುವ ಹುಡುಗನಿಗೆ ನನ್ನ ನಮಸ್ಕಾರ. ಬಿಲ್ ಅನ್ನುವ ಕಾಗದವನ್ನು ನಾವು ಕಣ್ಣಲ್ಲಿ ನೋಡಲಿಲ್ಲ. ಸ್ಕಾಟ್ಲೆಂಡಿನಲ್ಲಿ 2011ರಿಂದ ಡಾಕ್ಟರು ಬರೆದ ಮಾತ್ರೆಗೂ ದುಡ್ಡಿಲ್ಲ. ಊರಲ್ಲಿ ಅಪ್ಪನ ಆಪರೇಶನ್ನಿಗೆ ತೋಟ ಅಡವಿಟ್ಟ ಮನೆಯಿಂದ ಬಂದವಳು ನಾನು. ಈ ನಾಡಿನ ತೆರಿಗೆದಾರರೆಲ್ಲ ಸೇರಿ ನಮ್ಮ ಮನೆ ಉಳಿಸಿದರು ಅಂತಲೇ ನಾನು ತಿಳಿದಿದ್ದೇನೆ. ಮೂರು ವಾರ ನನಗೆ ಮಲಗಲು ಕೋಣೆ ಬಿಟ್ಟುಕೊಟ್ಟು, ದಿನಾ ಬೆಳಿಗ್ಗೆ ಬಿಸಿ ಸಾರು ಅನ್ನವನ್ನು ಡಬ್ಬಿಗೆ ತುಂಬಿಸಿ ಕಳಿಸಿದ ಗ್ಲಾಸ್ಗೋದ ಕನ್ನಡದ ಮನೆಯವರಿಗೂ ನಾನು ಋಣಿ. ಅದಕ್ಕೆ ಮುಂಚೆ ಅವರ ಮುಖ ನೋಡಿದವಳಲ್ಲ.

ಮನೆಗೆ ಮರಳಿದ ದಿನ ನಮ್ಮ ಚಿಮಣಿಯಿಂದ ಹೊಗೆ ಏಳುತ್ತಿದ್ದುದು ದೂರದಿಂದಲೇ ಕಂಡಿತು. ಬೀಗದ ಕೈ ಊರಿನಲ್ಲಿ ಯಾರ ಕೈಯಲ್ಲಿ ಬೇಕಾದರೂ ಇರುತ್ತದೆ, ಅದು ಆಶ್ಚರ್ಯವಲ್ಲ. ಹೋದಂದಿನಿಂದ ಒಂದು ದಿನವೂ ಒಲೆ ಆರಿರಲಿಲ್ಲ ಅನ್ನುವುದು ಆಮೇಲೆ ಮಕ್ಕಳಿಂದ ತಿಳಿಯಿತು. ಪಕ್ಕದ ಮನೆಯವರು ನೇಕಾರರು, ಹ್ಯಾರಿಸ್ ಟ್ವೀಡ್ ಅನ್ನುವ ಉಣ್ಣೆ ಬಟ್ಟೆ ನೇಯುತ್ತಾರೆ. ಈ ದ್ವೀಪಗಳ ಜನ ತಮ್ಮ ಮನೆಯಲ್ಲಿ ಕೈಯಿಂದ ನೇಯ್ದದ್ದಕ್ಕೆ ಮಾತ್ರ ಆ ಹೆಸರು ಸಲ್ಲಬೇಕೆಂದು 1993ರಲ್ಲಿ ಕಾನೂನೇ ಆಗಿದೆ. ಅವರ ಕೊಟ್ಟಿಗೆಯಲ್ಲಿ ಕಾಲಿನಿಂದ ತುಳಿದು ನಡೆಸುವ ಮಗ್ಗ, ಟಕಟಕ ಸದ್ದು ನಮ್ಮ ಮಲಗುವ ಕೋಣೆಗೆ ಕೇಳುತ್ತದೆ. ಇವರು ಹಾಸಿಗೆಯಲ್ಲಿದ್ದ ಎರಡು ತಿಂಗಳು ಆ ಸದ್ದು ಸಂಜೆ ನಾಲ್ಕಕ್ಕೆ ನಿಂತಿತೆಂದರೆ ಐದು ನಿಮಿಷದಲ್ಲಿ ಅವರು ಪೀಟ್, ಅಂದರೆ ಸೌದೆಯ ಹಾಗೆ ಉರಿಸುವ ಒಣ ಜೌಗುಮಣ್ಣು, ತುಂಬಿದ ಬಕೆಟ್ ಹಿಡಿದು ನಮ್ಮ ಹಿಂಬಾಗಿಲಲ್ಲಿ. ಒಲೆಗೆ ಹಾಕಿ, ಇವರ ಹಾಸಿಗೆಯ ಪಕ್ಕ ಕೂತು, ಕುರಿ, ಗಾಳಿ, ಮೀನಿನ ದರ ಎಲ್ಲ ಮಾತಾಡಿ ಏಳುವರು. ಇದಕ್ಕೆ ಇಲ್ಲಿ ಕೇಲಿ ಅನ್ನುತ್ತಾರೆ. ಹೊರಗಿನವರು ಕೇಲಿ ಅಂದರೆ ಕುಣಿತ ಹಾಡು ಅಂದುಕೊಳ್ಳುತ್ತಾರೆ, ಮೂಲದಲ್ಲಿ ಆ ಪದಕ್ಕೆ ನೆರೆಮನೆಗೆ ಹೋಗಿ ಕೂರುವುದು ಎಂದಷ್ಟೇ ಅರ್ಥ.

ಊಟದ ವಿಷಯ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಬೆಳಿಗ್ಗೆ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಏನಾದರೊಂದು ಇರುತ್ತಿತ್ತು. ಬಾರ್ಲಿ, ಕ್ಯಾರೆಟ್ ಹಾಕಿ ಕುದಿಸಿದ ಸೂಪು, ಓಟ್ಸ್ ಹಿಟ್ಟಿನ ಗಟ್ಟಿ ರೊಟ್ಟಿ, ಬಟ್ಟೆಯಲ್ಲಿ ಕಟ್ಟಿ ಗಂಟೆಗಟ್ಟಲೆ ಬೇಯಿಸಿದ ಡಫ್. ನಮ್ಮ ಬಟ್ಟೆ ಕಡುಬಿಗೆ ಒಣದ್ರಾಕ್ಷಿ, ಮಸಾಲೆ ಹಾಕಿದ ಹಾಗೆ ಅದು. ಯಾರು ಇಟ್ಟದ್ದೆಂದು ಪಾತ್ರೆ ನೋಡಿ ಊಹಿಸಬೇಕು, ಚೀಟಿ ಇರುತ್ತಿರಲಿಲ್ಲ. ಎದುರುಮನೆಯ ಅವರು ನನ್ನ ಮಕ್ಕಳಿಗೆ ದಿನಾ ಓಟ್ಸ್ ಗಂಜಿ ಕೊಟ್ಟಿದ್ದರು, ಸಕ್ಕರೆಯಲ್ಲ, ಉಪ್ಪು ಹಾಕಿ. ನಮ್ಮಜ್ಜಿ ಅಂಬಲಿ ತಿರುವುತ್ತಿದ್ದಂಥದ್ದೇ ಮರದ ಕೋಲು ಅವರ ಮನೆಯಲ್ಲೂ ಇದೆ. ಮಗ ಈಗ ಗಂಜಿಗೆ ಸಕ್ಕರೆ ಹಾಕಿದರೆ ಮುಟ್ಟುವುದಿಲ್ಲ. ಅವರ ಮನೆಯಲ್ಲಿ ಒಂದು ಸಂಜೆ ಉಪ್ಪಿನ ಹೆರಿಂಗ್ ಮೀನು, ಸಿಪ್ಪೆ ಸಮೇತ ಬೇಯಿಸಿದ ಆಲೂಗಡ್ಡೆ ಬಡಿಸಿದರು. ನಾನು ಚಾಕು ಫೋರ್ಕಿಗೆ ಕೈಚಾಚಿದಾಗ ಆ ಮನೆಯ ಎಂಬತ್ತು ದಾಟಿದ ಅಜ್ಜ ತಲೆಯಾಡಿಸಿ, ಮುಳ್ಳನ್ನು ಬೆರಳಿನಿಂದಲೇ ಬಿಡಿಸಿ, ಮೀನು ಆಲೂಗಡ್ಡೆ ಸೇರಿಸಿ ಬಾಯಿಗಿಟ್ಟು ತೋರಿಸಿದರು. ಇದನ್ನು ಕೈಯಲ್ಲೇ ತಿನ್ನಬೇಕಂತೆ. ಒಂಬತ್ತು ವರ್ಷ ಪರರ ಮುಂದೆ ಫೋರ್ಕಿನಲ್ಲಿ ತಿಂದವಳು ಅವತ್ತು ಅವರ ಮೇಜಿನಲ್ಲಿ ಬೆರಳು ನೆಕ್ಕಿ ಉಂಡೆ.

ಭಾನುವಾರ ಇಲ್ಲಿ ಮಗ್ಗ ನಡೆಯುವುದಿಲ್ಲ, ತಂತಿಯ ಮೇಲೆ ಬಟ್ಟೆ ಹಾರುವುದಿಲ್ಲ. ನಾನೂ ಒಣಹಾಕುವುದಿಲ್ಲ. ಇವರ ಆಪರೇಶನ್ ವಾರ ಊರಿನ ಇಗರ್ಜಿಯಲ್ಲಿ ಇವರ ಹೆಸರೆತ್ತಿ ಪ್ರಾರ್ಥಿಸಿದ್ದರಂತೆ, ನೀವು ಯಾವ ದೇವರವರು ಅಂತ ಯಾರೂ ಕೇಳಲಿಲ್ಲ. ಹಿಂತಿರುಗಿದ ಮೇಲೆ ಒಂದು ಭಾನುವಾರ ನಾನೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ವಾದ್ಯವಿಲ್ಲ. ಒಬ್ಬರು ಗೇಲಿಕ್ ಕೀರ್ತನೆಯ ಒಂದು ಸಾಲು ಎತ್ತಿಕೊಡುತ್ತಾರೆ, ಉಳಿದವರು ತಮ್ಮ ತಮ್ಮ ಲಯದಲ್ಲಿ, ತಮ್ಮ ತಮ್ಮ ಗಮಕದಲ್ಲಿ ಅದನ್ನು ಎಳೆದುಕೊಂಡು ಹೋಗುತ್ತಾರೆ. ಒಬ್ಬರ ಸ್ವರ ಇಳಿಯುವಾಗ ಇನ್ನೊಬ್ಬರದು ಏರುತ್ತದೆ. ಅರ್ಥವಾದದ್ದು ಕಾಲುಭಾಗ, ಅತ್ತದ್ದು ಪೂರ್ತಿ.

ಇನ್ನು ಪೀಟ್. ಜೌಗಿನ ಪಾಚಿ, ಹುಲ್ಲು ನೀರಲ್ಲಿ ಕೊಳೆಯದೆ ಒಂದರ ಮೇಲೊಂದು ಕೂತು, ವರ್ಷಕ್ಕೆ ಹೆಚ್ಚೆಂದರೆ ಒಂದು ಮಿಲಿಮೀಟರಿನಷ್ಟು ಬೆಳೆದು, ಸಾವಿರಾರು ವರ್ಷಕ್ಕೆ ಕಪ್ಪು ನೆಲವಾಗುತ್ತದೆ. ನಮ್ಮ ಕಡೆಯ ಕ್ಯಾಲನಿಶ್ ಶಿಲಾವೃತ್ತ ನಿಲ್ಲಿಸಿ ಸುಮಾರು 5,000 ವರ್ಷ. ಅದರ ಕಾಲಬುಡದಲ್ಲಿ ಒಂದೂವರೆ ಮೀಟರ್ ಪೀಟ್ ಬೆಳೆದಿತ್ತು, 1857ರಲ್ಲಿ ಅದನ್ನು ತೆಗೆಸಿದ ಮೇಲೇ ಕಲ್ಲುಗಳ ಪೂರ್ತಿ ಎತ್ತರ ಕಂಡದ್ದು. ಮರವಿಲ್ಲದ ಈ ದ್ವೀಪಕ್ಕೆ ಅದೇ ಸೌದೆ. ಪ್ರತಿ ಮನೆಗೂ ಜೌಗಿನಲ್ಲೊಂದು ಪೀಟ್ ಅಂಚು, ಅಂದರೆ ಪೀಟ್ ಕಡಿಯುವ ಜಾಗ, ಇದೆ, ಮೇ ತಿಂಗಳಲ್ಲಿ ಕಡಿಯದಿದ್ದರೆ ಚಳಿಗಾಲಕ್ಕೆ ಒಣಗುವುದಿಲ್ಲ. ಹೋದ ಮೇ ಬಂದಾಗ ಇವರಿಗೆ ನೀರಿನ ಕೊಡ ಎತ್ತುವಷ್ಟೂ ಅಪ್ಪಣೆಯಿರಲಿಲ್ಲ. ಈ ವರ್ಷ ಎಣ್ಣೆ ಸುಡೋಣ ಅಂತ ನಾನು ಮನಸ್ಸು ಗಟ್ಟಿಮಾಡಿಕೊಂಡಿದ್ದೆ.

ಒಂದು ಶನಿವಾರ ಡ್ಯೂಟಿ ಮುಗಿಸಿ ಬರುವಾಗ ನಮ್ಮ ಅಂಚಿನ ಹತ್ತಿರ ಎಂಟು ಜನ ಕಂಡರು. ಮೇಲಿನ ಹುಲ್ಲಿನ ಹೊದಿಕೆಯನ್ನು ಗುದ್ದಲಿಯಲ್ಲಿ ಆಗಲೇ ಎತ್ತಿದ್ದರು. ನೇಕಾರರು ಅಂಚಿನ ಮೇಲೆ ನಿಂತು ತಾರ್‌ಶ್ಕರ್ ತುಳಿಯುತ್ತಿದ್ದರು. ಉದ್ದ ಮರದ ಹಿಡಿ, ಕಾಲಿಡಲು ಒಂದು ಮೆಟ್ಟು, ತುದಿಯಲ್ಲಿ ಮೂಲೆಗೆ ಮಡಚಿದ ಅಲಗು. ಒಂದು ತುಳಿತಕ್ಕೆ ಹೆಂಟೆ ಕಳಚುತ್ತದೆ, ಪರಾತದಲ್ಲಿ ಕತ್ತರಿಸಿದ ರಾಗಿ ಹಾಲುಬಾಯಿಯ ಥರ, ಅಷ್ಟೇ ನುಣುಪು, ಅಷ್ಟೇ ನಡುಕ. ಕೆಳಗೆ ಗುಂಡಿಯಲ್ಲಿ ನಿಂತ ಮೇಷ್ಟ್ರ ಮಗಳು ಅದನ್ನು ಎರಡೂ ಕೈಯಲ್ಲಿ ಹಿಡಿದು, ಮುರಿಯದ ಹಾಗೆ ಜೌಗಿನ ಮೇಲೆ ಎಸೆಯುತ್ತಿದ್ದಳು. ಮೇಲಿನ ಪದರ ಕಂದು, ನಾರು ನಾರು. ಕೆಳಗಿನದು ಕಡುಕಪ್ಪು, ಅದೇ ಹೆಚ್ಚು ಶಾಖ ಕೊಡುವುದು. ಕಡಿದು ಮುಗಿದ ಮೇಲೆ, ಎತ್ತಿಟ್ಟಿದ್ದ ಹುಲ್ಲಿನ ಹೊದಿಕೆಯನ್ನು ಗುಂಡಿಯ ತಳಕ್ಕೆ ಮತ್ತೆ ಹಾಸಿದರು, ನೆಲ ಮತ್ತೆ ಬದುಕಲಿ ಅಂತ. ಪೀಟ್ ಸುಡಬಾರದು ಅನ್ನುವ ಚರ್ಚೆ ನನಗೂ ಗೊತ್ತು, ಅದರಲ್ಲಿ ಸತ್ಯವೂ ಇದೆ. ಆದರೆ ಕೈಯಲ್ಲಿ ಕಡಿದು ಹೊದಿಕೆ ಮುಚ್ಚಿ ಬರುವ ಈ ಜನವನ್ನು ಯಂತ್ರ ಹಚ್ಚಿ ಜೌಗು ಬಗೆಯುವವರ ಸಾಲಿನಲ್ಲಿ ನಿಲ್ಲಿಸಲು ನಾನು ಒಪ್ಪುವುದಿಲ್ಲ.

ಎರಡು ವಾರದ ಮೇಲೆ ಮತ್ತೆ ಅವರೇ ಬಂದು, ಬೆನ್ನು ಬಗ್ಗಿಸಿ, ಅರೆಒಣಗಿದ ಹೆಂಟೆಗಳನ್ನು ನಾಲ್ಕೈದರಂತೆ ಒಂದಕ್ಕೊಂದು ಒರಗಿಸಿ ನಿಲ್ಲಿಸಿದರು. ಮುಖಕ್ಕೆಲ್ಲ ಮಿಜ್ ನೊಣ ಮುತ್ತಿತ್ತು. ಆಗಸ್ಟಿನಲ್ಲಿ ಟ್ರ್ಯಾಕ್ಟರಿನಲ್ಲಿ ತಂದು ನಮ್ಮ ಮನೆಯ ಪಕ್ಕ ಒಟ್ಟಿದರು, ಹೊರಗಿನ ಸಾಲು ಮೀನಿನ ಮುಳ್ಳಿನ ಹಾಗೆ ಓರೆಯಾಗಿ, ಮಳೆ ಜಾರಿಹೋಗುವಂತೆ. ನಾನು ದುಡ್ಡಿನ ಮಾತೆತ್ತಿದಾಗ ನೇಕಾರರ ಮುಖ ಸಣ್ಣದಾಯಿತು. ಆಮೇಲೆ ಎತ್ತಲಿಲ್ಲ. ನಮ್ಮೂರಿನ ಮುಯ್ಯಾಳಿನ ಸಂಗತಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಹಾಗಾದರೆ ನೀವು ಇಲ್ಲಿಯವರೇ" ಅಂದರು.

ಈ ಮೇನಲ್ಲಿ ನಾನು, ಮಗಳು ಆರು ಮನೆಯ ಅಂಚಿಗೆ ಹೋಗಿದ್ದೇವೆ. ಎಸೆಯುವ ಕೆಲಸ ನನಗೆ ಒಗ್ಗಿದೆ. ನಟ್ಟಿಗೆ ಬಗ್ಗಿದ ಸೊಂಟ ಅಲ್ಲವೇ. ಮೊನ್ನೆ ಶನಿವಾರ ನಮ್ಮ ಅಂಚಿನ ಸರದಿ. ಡಾಕ್ಟರ ಅಪ್ಪಣೆ ಸಿಕ್ಕಿದ ಇವರು ತಾರ್‌ಶ್ಕರ್ ಮೇಲೆ ಕಾಲಿಟ್ಟು ಹತ್ತು ಹೆಂಟೆ ಕಡಿದರು. ಹತ್ತೇ. ಎದುರುಮನೆಯ ಅವರು ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟು ಇವರನ್ನು ಹುಲ್ಲಿನ ಮೇಲೆ ಕೂರಿಸಿದರು. ನಾನು ಗುಂಡಿಯೊಳಗಿನಿಂದ ಅವರನ್ನು ನೋಡಿ "ತಾಪ ಲೇವ್" ಅಂದೆ, ಬಹುವಚನದ ಧನ್ಯವಾದ. ಅವರು ಕೇಳಿಸದವರ ಹಾಗೆ ಇವರ ಕಪ್ಪಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿ, ನನ್ನ ಕಡೆ ತಿರುಗಿ, ಮುಂದಿನ ಹೆಂಟೆ ಬೀಳುತ್ತಿದೆ ನೋಡು, ಅ ಘ್ರಾಯ್, ಅಂದರು.