ಕೂಗಿ ಕರೆಯಬಾರದಿತ್ತೇ, ಮಗಳೇ?

ಪ್ರೀತಿಯ ಪುಟ್ಟಿ, ಆಶೀರ್ವಾದಗಳು.

ನೀನು ಜ್ವರದಿಂದ ಆಸ್ಪತ್ರೆ ಸೇರಿದ ಸಂಗತಿ ನಮಗೆ ತಿಳಿದದ್ದು ನಿನ್ನ ಕೋಣೆಯ ಗೆಳತಿಯಿಂದ. ಹಿಂದಿನ ದಿನವಷ್ಟೇ ‘ಚೆನ್ನಾಗಿದ್ದೇನೆ ಅಮ್ಮ’ ಎಂದು ಬರೆದು, ಮೆಲ್ಬರ್ನಿನ ಗ್ಯಾಲರಿಯಲ್ಲಿ ನೋಡಿದ ಇಂಗ್ಲಿಷ್ ಕವಿ, ಚಿತ್ರಕಾರ ವಿಲಿಯಂ ಬ್ಲೇಕ್‌ನ ಜಲವರ್ಣ ಚಿತ್ರವನ್ನು ಕಳುಹಿಸಿದ್ದೆ. ಬೆಳಕು ತಗುಲಿದರೆ ಮಾಸುವ ಬಣ್ಣ, ಸದಾ ಗೋಡೆಗೆ ತೂಗುಹಾಕುವಂಥದ್ದಲ್ಲ. ಅಂಥದ್ದನ್ನು ಉಳಿಸುವ ವಿದ್ಯೆ ನನ್ನ ಮಗಳು ಕಲಿಯುತ್ತಿದ್ದಾಳೆಂದು ಶಾಲೆಯಲ್ಲಿ ಎಲ್ಲರಿಗೂ ತೋರಿಸಿಕೊಂಡು ಬಂದೆ.

ಈಗ ರಾತ್ರಿಯೆಲ್ಲ ಅದನ್ನೇ ನೋಡುತ್ತಿದ್ದೇನೆ. ಇಟಲಿಯ ಕವಿ ಡಾಂಟೆಯ ಮಹಾಕಾವ್ಯ ‘ಡಿವೈನ್ ಕಾಮಿಡಿ’ಯ ಮೊದಲ ಸರ್ಗದ ದೃಶ್ಯ. ಕಾಡಿನಲ್ಲಿ ದಾರಿ ತಪ್ಪಿದ ಕವಿಗೇ ಚಿರತೆ, ಸಿಂಹ, ಹೆಣ್ಣು ತೋಳ ಎದುರಾಗಿವೆ. ಕೆಂಪು ನಿಲುವಂಗಿಯ ಡಾಂಟೆ ಓಡುತ್ತಿದ್ದಾನೆ. ಅವನಿಗೆ ದಾರಿ ತೋರಲಿರುವ ಪ್ರಾಚೀನ ರೋಮಿನ ಕವಿ ವರ್ಜಿಲ್, ನೀಲಿ ಉಡುಪಿನಲ್ಲಿ, ನೆಲಕ್ಕೆ ಕಾಲೂರದೆ ಗಾಳಿಯಲ್ಲೇ ಕೈಚಾಚಿ ಬರುತ್ತಿದ್ದಾನೆ. ನೀನು ಆ ಕಾಲುಗಳನ್ನು ನೋಡು ಎಂದಿದ್ದೆ. ನನಗೆ ಕಾಣುವುದು ಡಾಂಟೆಯ ಮುಖ ಮಾತ್ರ. ಕಾವ್ಯದಲ್ಲಿ ಮೊದಲು ಬಾಯಿ ತೆರೆದವನು ಅವನೇ. ಎದುರಿಗಿರುವುದು ನೆರಳೋ ಮನುಷ್ಯನೋ ತಿಳಿಯದು. ಯಾರಾದರೂ ಆಗಿರು, ನನ್ನ ಮೇಲೆ ಕರುಣೆಯಿಡು ಎಂದು ಕೂಗಿದ. ಅಷ್ಟು ದೊಡ್ಡ ಕವಿ ಕೂಗಿದ, ಪುಟ್ಟಿ. ಗುರುತು ಪರಿಚಯವಿಲ್ಲದವನನ್ನು ಕೂಗಿದ. ನಿನಗೆ ಹೆತ್ತವರಿದ್ದರು.



ಬ್ಲೇಕ್ ಕೂಡ ಕಾಲು ಸುಟ್ಟುಕೊಂಡು ಹಾಸಿಗೆಯಲ್ಲೇ ಕುಳಿತು ಡಾಂಟೆಯ ಕಾವ್ಯದ ಈ ಚಿತ್ರಮಾಲೆಯನ್ನು ಬರೆದ ಎಂದು ನೀನು ವಾದಿಸುತ್ತೀಯೆ, ಗೊತ್ತು. ಅರವತ್ತು ದಾಟಿದ ಮೇಲೆ ಡಾಂಟೆಗಾಗಿ ಇಟಾಲಿಯನ್ ಕಲಿತವನು ಅವನು. ಆದರೆ ಅವನ ಪಕ್ಕದಲ್ಲಿ ಹೆಂಡತಿ ಕ್ಯಾಥರೀನ್ ಇದ್ದಳು, ಕೆಲಸ ಕೊಟ್ಟು ಹಣ ಕೊಡುತ್ತಿದ್ದ ಗೆಳೆಯ ಲಿನೆಲ್ ಇದ್ದ. 1827ರಲ್ಲಿ ಅವನು ತೀರಿಕೊಂಡಾಗ ಆ 102 ಚಿತ್ರಗಳಲ್ಲಿ ಎಷ್ಟೋ ಅರ್ಧಕ್ಕೇ ನಿಂತಿದ್ದವು. ಹಾಗೆಯೇ ಅವನ್ನು ಜಗತ್ತು ಕಾಪಾಡಿಕೊಂಡಿದೆ. ನಿನ್ನ ಪ್ರಾಜೆಕ್ಟ್ ಒಂದು ವಾರ ತಡವಾದರೆ ಯಾವ ಊರೂ ಮುಳುಗುವುದಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು. ಮೈ ಬೆಚ್ಚಗಾದರೆ ಮಾತ್ರೆ ನುಂಗಿ ಸುಮ್ಮನಿರಬೇಡ, ಅಧ್ಯಾಪಕರಿಗೆ ಹೇಳು. ಕೇಳಿ ಪಡೆಯುವುದರಲ್ಲಿ ಅವಮಾನವಿಲ್ಲ.

ಉಪದೇಶ ಬೇಡವೆಂದುಕೊಂಡೇ ಬರೆಯಲು ಕುಳಿತೆ, ಬೇಸರಿಸಬೇಡ. ಇಷ್ಟು ದೂರದಿಂದ ನಿನ್ನ ಹಣೆ ಮುಟ್ಟಿ ನೋಡಲಾಗದು, ಅದಕ್ಕೇ ಇಷ್ಟೆಲ್ಲ.

ಬ್ಲೇಕ್‌ನ ಆ ಚಿತ್ರಗಳಲ್ಲಿ 36 ನಿಮ್ಮ ಊರಿನಲ್ಲೇ ಇವೆಯಂತಲ್ಲ, ಉಳಿದವನ್ನು ಗುಣವಾದ ಮೇಲೆ ನೋಡುವೆಯಂತೆ. ರಕ್ತಪರೀಕ್ಷೆಯ ವರದಿ ಬಂದ ತಕ್ಷಣ ಕಳುಹಿಸು. ಅಪ್ಪ ವೀಸಾ ವಿಚಾರಿಸಲು ಸೋಮವಾರ ಬೆಂಗಳೂರಿಗೆ ಹೋಗುತ್ತಾರೆ, ಬೇಡವೆನ್ನಬೇಡ.

ನಿನ್ನ ಅಮ್ಮ