ಬಟನ್ ಸೆಲ್ ಮುಚ್ಚಳಕ್ಕೂ ಸ್ಕ್ರೂ ಕಡ್ಡಾಯವಾಗಲಿ

ಮಾನ್ಯರೇ,

ಕಳೆದ ವಾರ ನಮ್ಮ ಮನೆಯ ಅಲಂಕಾರ ದೀಪದ ಪುಟ್ಟ ರಿಮೋಟ್ ನೆಲಕ್ಕೆ ಬಿದ್ದಾಗ ಅದರ ಸೆಲ್ ಇಡುವ ತಟ್ಟೆ ತಾನಾಗಿಯೇ ಜಾರಿ ಹೊರಬಂದು, ಗುಂಡಿಯಂಥ ಚಪ್ಪಟೆ ಬ್ಯಾಟರಿಯಾದ ಬಟನ್ ಸೆಲ್ ಹದಿನಾಲ್ಕು ತಿಂಗಳ ಮೊಮ್ಮಗನ ಕೈಗೆ ಸಿಕ್ಕಿತ್ತು. ಅದು ಬಾಯಿ ಸೇರುವ ಮೊದಲೇ ಸೊಸೆ ಕಸಿದುಕೊಂಡಳು. ಗಾಬರಿ ಇಳಿದ ಮೇಲೆ ಹುಡುಕಿ ನೋಡಿದರೆ ಅಡುಗೆಮನೆಯ ತಕ್ಕಡಿ, ಥರ್ಮಾಮೀಟರ್, ಪ್ಲಾಸ್ಟಿಕ್ ಮೇಣದಬತ್ತಿ ಎಲ್ಲದರಲ್ಲೂ ಅಂಥದೇ ಸೆಲ್‌ಗಳಿದ್ದವು. ಸ್ಕ್ರೂ ಹಾಕಿ ಭದ್ರಪಡಿಸಿದ್ದು ಮಾತ್ರ ಮೊಮ್ಮಗನ ಆಟಿಕೆ ಕಾರಿನಲ್ಲಿ.

ಇದಕ್ಕೆ ಕಾರಣವಿದೆ. ನಮ್ಮ ದೇಶದಲ್ಲಿ 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ; ಸೆಲ್‌ನ ಮುಚ್ಚಳ ಭದ್ರವಾಗಿರಬೇಕೆಂಬುದೂ ಆ ಗುರುತಿನ ನಿಯಮಗಳಲ್ಲೊಂದು. ಆದರೆ ಆ ಆದೇಶದ ವ್ಯಾಪ್ತಿ ಆಟಿಕೆಗಳಿಗಷ್ಟೇ. ರಿಮೋಟ್ ಆಟಿಕೆಯಲ್ಲ ಎಂಬುದು ಕೂಸಿಗೆ ಹೇಗೆ ತಿಳಿಯಬೇಕು?

ನುಂಗಿದ ನಾಣ್ಯದಂತೆ ಬಟನ್ ಸೆಲ್ ಕೂಡ ತಾನಾಗಿ ಹೊರಬರುತ್ತದೆ ಎಂದು ಅನೇಕರು ತಿಳಿದಿದ್ದಾರೆ. 20 ಮಿಲಿಮೀಟರ್ ಅಗಲದ, 3 ವೋಲ್ಟ್‌ನ ಲಿಥಿಯಂ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ, ಒಡೆಯದೆ, ಸೋರದೆಯೂ, ಅಲ್ಲಿನ ತೇವದ ಮೂಲಕ ವಿದ್ಯುತ್ ಹರಿದು ಋಣ ತುದಿಯ ಬಳಿ ತೀವ್ರ ಕ್ಷಾರ ಉಂಟಾಗಿ, ಎರಡೇ ತಾಸಿನಲ್ಲಿ ಆಳವಾದ ಸುಟ್ಟಗಾಯವಾಗಬಹುದು. ತಕ್ಕಡಿ ನಡೆಸಲಾರದಷ್ಟು ಸವೆದ ಹಳೆಯ ಸೆಲ್‌ನಲ್ಲೂ ಇಷ್ಟು ಕೆಡುಕು ಮಾಡುವ ಶಕ್ತಿ ಉಳಿದಿರುತ್ತದೆ. ಜೊಲ್ಲು, ಕೆಮ್ಮು, ಊಟ ಬೇಡವೆನ್ನುವುದು ಇವೇ ಲಕ್ಷಣಗಳಾದ್ದರಿಂದ, ನುಂಗಿದ್ದನ್ನು ಯಾರೂ ನೋಡದಿದ್ದರೆ ನೆಗಡಿಯೆಂದೇ ಭಾವಿಸಿ ಹೊತ್ತು ಕಳೆಯುವ ಸಂಭವ ಹೆಚ್ಚು. ಸಂಶಯ ಬಂದ ಕೂಡಲೇ, ವಾಂತಿ ಮಾಡಿಸಲು ಹೋಗದೆ, ಎಕ್ಸ್‌ರೇ ಇರುವ ದೊಡ್ಡ ಆಸ್ಪತ್ರೆಗೆ ಧಾವಿಸಬೇಕು. ಒಂದು ವರ್ಷ ದಾಟಿದ, ನುಂಗಬಲ್ಲ ಮಗುವಿಗೆ ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಚಮಚ ಜೇನು ಕೊಡಬಹುದು. ಜೇನು ಹುಡುಕುತ್ತ ಮಾತ್ರ ನಿಲ್ಲಬಾರದು.

ಆಸ್ಟ್ರೇಲಿಯಾದಲ್ಲಿ 2022ರ ಜೂನ್ 22ರಿಂದ ಬಟನ್ ಸೆಲ್ ಬಳಸುವ ಗ್ರಾಹಕ ವಸ್ತುಗಳಿಗೆ ಭದ್ರ ಮುಚ್ಚಳ ಮತ್ತು ಎಚ್ಚರಿಕೆಯ ಬರಹ ಕಡ್ಡಾಯವಾಯಿತು. ಹದಿನೆಂಟು ತಿಂಗಳ ಹೆಣ್ಣುಮಗುವೊಂದು ತೀರಿಕೊಂಡ ಬಳಿಕ ಅಮೆರಿಕವೂ ಅದೇ ವರ್ಷ ಆ ಮಗುವಿನ ಹೆಸರಿನಲ್ಲೇ 'ರೀಸ್ ಕಾಯ್ದೆ' ತಂದಿತು. ಭಾರತೀಯ ಮಾನಕ ಬ್ಯೂರೊ ಮತ್ತು ಕೇಂದ್ರ ಸರ್ಕಾರ ಆಟಿಕೆಯ ನಿಯಮವನ್ನೇ ಗೃಹಬಳಕೆಯ ವಸ್ತುಗಳಿಗೂ ವಿಸ್ತರಿಸಬೇಕು; ಬಿಡಿ ಸೆಲ್‌ಗಳನ್ನು ಮಕ್ಕಳು ಹರಿಯಲಾಗದ ಪೊಟ್ಟಣದಲ್ಲೇ ಮಾರುವಂತಾಗಬೇಕು. ಒಂದು ಸ್ಕ್ರೂವಿನಿಂದ ಕಂಪನಿಗಳಿಗೆ ಎಷ್ಟು ಹೊರೆಯಾದೀತು!

ಕಾಯ್ದೆ ಬರುವವರೆಗೆ ಜಿಲ್ಲಾಡಳಿತ ಕೈಕಟ್ಟಿ ಕೂರಬೇಕಿಲ್ಲ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯ ಅಂಗಡಿಗಳಲ್ಲಿ ಮಾರುವ ಮಿನುಗುವ ಉಂಗುರ, ಕೋಲುಗಳಿಗೆ ಐಎಸ್‌ಐ ಗುರುತು ಇದೆಯೇ ಎಂದು ಈ ಸಲವಾದರೂ ತಪಾಸಣೆ ನಡೆಯಲಿ.

— ನಿವೃತ್ತ ಶಿಕ್ಷಕಿ, ವಿಜಯಪುರ