ಮನೆ ಹುಡುಕುತ್ತಿರುವವರ ಗಮನಕ್ಕೆ

ನ್ಯೂಜೆರ್ಸಿಯಲ್ಲಿ ಮನೆ ನೋಡುತ್ತಿರುವ ಸದಸ್ಯರೇ, ಶಾಲೆಗಳಿಗೆ ಅಂಕ ಕೊಡುವ ಗ್ರೇಟ್‌ಸ್ಕೂಲ್ಸ್ ಜಾಲತಾಣದಲ್ಲಿ ಅಲ್ಲಿನ ಶಾಲೆಗೆ 10ಕ್ಕೆ 9 ಕಂಡ ಕೂಡಲೇ ಮುಂಗಡ ಕೊಟ್ಟುಬಿಡಬೇಡಿ. ಆ ಅಂಕದಲ್ಲಿ ಪರೀಕ್ಷೆಯ ಫಲಿತಾಂಶದ್ದೇ ದೊಡ್ಡ ಪಾಲು. ಅದರಲ್ಲಿ ಮನೆಪಾಠದ ಕೊಡುಗೆ ಎಷ್ಟು, ಶಿಕ್ಷಕರದೆಷ್ಟು ಎಂಬುದು ತಿಳಿಯುವುದಿಲ್ಲ. ಉಪನಗರದ ಶಾಲೆಗಳಿಗೆ ಆಸ್ತಿ ತೆರಿಗೆಯ ಬಲವಿದೆ, ಪ್ರಯೋಗಾಲಯ, ವಾದ್ಯವೃಂದ ಎಲ್ಲ ಚೆನ್ನಾಗಿವೆ, ನಿಜ. ಆದರೆ ಹೆಸರಾಂತ ವೆಸ್ಟ್ ವಿಂಡ್ಸರ್-ಪ್ಲೇನ್ಸ್‌ಬರೊ ಶಾಲಾ ಜಿಲ್ಲೆಯಲ್ಲಿ ಮಕ್ಕಳ ಒತ್ತಡ ಕಂಡು 2015ರಲ್ಲಿ ಪ್ರೌಢಶಾಲೆಯ ಮಧ್ಯಾವಧಿ, ಅಂತಿಮ ಪರೀಕ್ಷೆಗಳನ್ನೇ ಕೈಬಿಟ್ಟರು. ನನ್ನ ಮಗಳೂ ರಾತ್ರಿ 11ಕ್ಕೆ ಗಣಿತದ ಹಾಳೆಯ ಮೇಲೆ ಕೆನ್ನೆಯಿಟ್ಟು, ಪೆನ್ಸಿಲ್ ಹಿಡಿದೇ ನಿದ್ದೆಹೋದದ್ದನ್ನು ನೋಡಿದ್ದೇನೆ. ದಯವಿಟ್ಟು ಶಾಲೆಗೆ ಹೋಗಿ, ಹಿಂದುಳಿದ ಮಗುವಿಗೆ ಏನು ಮಾಡುತ್ತೀರಿ ಎಂದು ಕೇಳಿ. ಮನೆ ಆ ಶಾಲೆಯ ವ್ಯಾಪ್ತಿಗೇ ಬರುತ್ತದೆಯೇ ಎಂಬುದನ್ನು ದಲ್ಲಾಳಿಯಿಂದಲ್ಲ, ಶಾಲಾ ಜಿಲ್ಲೆಯ ಕಚೇರಿಯಿಂದಲೇ ಖಚಿತಪಡಿಸಿಕೊಳ್ಳಿ.